ಎಲೆಗೆ ಹಚ್ಚಿದ ಸುಣ್ಣ

ನನ್ನ ನಾದಿನಿ ಎಂ.ಎಸ್ಸಿ. ಮಾಡಿದಳು. ಓದಿದ್ದು ಅವಳು, ನಡೆದದ್ದು ನಾನು. ಈಗಲೂ ಮೊಣಕಾಲು ಹಿಡಿದುಕೊಂಡಾಗ ನನಗೆ ನೆನಪಾಗುವುದು ಅವಳ ಆ ಪುಸ್ತಕವೇ.

ಮನುಷ್ಯ ಏನು ತಿಂದರೆ ಮೈಗೆ ಏನು ಸೇರುತ್ತದೆ ಅನ್ನುವುದು ಅವಳ ಓದು. ಅದಕ್ಕೆ ಎರಡು ದಿನ ರೈಲಿನಲ್ಲಿ ಕೂತು ಗುಜರಾತಿನ ಕಡೆ ಹೋಗಬೇಕು ಅಂದಾಗ ನಮ್ಮ ನೆಂಟರೆಲ್ಲ ನಕ್ಕಿದ್ದರು. ನಾನೂ ನಕ್ಕಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಹದಿನೈದಕ್ಕೆ ಒಲೆ ಮುಂದೆ ಕೂತವಳು ನಾನು. ಊಟದ ವಿಷಯಕ್ಕೆ ಬಿ.ಎಸ್ಸಿ. ಸಾಲದು, ಅದರ ಮೇಲೆ ಇನ್ನೊಂದು ಬೇಕಂತೆ ಎಂದು ಆಡಿಕೊಂಡಿದ್ದೆ.

ಮಾವನವರದು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ತಾಯಿಯಿಲ್ಲದ ಒಬ್ಬಳೇ ಮಗಳು ಎಂದು ಹಟಕ್ಕೆ ಸೋತು ಕಳಿಸಿದ್ದರು. ಆದರೆ ಗಡುವು ಹಾಕಿದ್ದರು. ಎರಡನೇ ವರ್ಷದ ಯುಗಾದಿಯೊಳಗೆ ಅವಳು ಬರೆಯಬೇಕಾದ ದೊಡ್ಡ ಪುಸ್ತಕ ಬರೆದು ಕಾಲೇಜಿಗೆ ಒಪ್ಪಿಸಿರಬೇಕು. ಆಯನೂರಿನಲ್ಲಿ ಒಂದು ಗಂಡು ಗೊತ್ತಾಗಿತ್ತು, ವೈಶಾಖದಲ್ಲಿ ಲಗ್ನ. ಮನೆಗೆ ಬಂದ ಸೊಸೆ ಆಮೇಲೆ ಪುಸ್ತಕ ಹಿಡಿಯಬಾರದು ಎಂದು ಆ ಕಡೆಯವರು ಮೊದಲೇ ಹೇಳಿಬಿಟ್ಟಿದ್ದರು. ಅಂದರೆ ಯುಗಾದಿಗೆ ಮುಗಿಯದಿದ್ದರೆ ಅದು ಇನ್ನು ಮುಗಿಯುವಂಥದ್ದಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಪುಸ್ತಕಕ್ಕಾಗಿ ಅವಳು ಭದ್ರಾವತಿಗೆ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡಳು. ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ, ನಾವಿದ್ದದ್ದು ಸಾಲುಮನೆಯಲ್ಲಿ. ಅಲ್ಲಿನ ಇಪ್ಪತ್ತನಾಲ್ಕು ಮನೆಗಳ ಹೆಂಗಸರು ದಿನಕ್ಕೆ ಏನು, ಎಷ್ಟು ತಿನ್ನುತ್ತಾರೆ ಎಂದು ಅವಳು ತೂಗಿ ಬರೆಯಬೇಕಿತ್ತು. ಒಂದೊಂದು ಮನೆಗೆ ಮೂರು ಮೂರು ದಿನ. ಒಲೆಗೆ ಏರುವ ಮೊದಲು ಅಕ್ಕಿ, ಬೇಳೆ, ಸೊಪ್ಪು ತೂಗುವುದು, ಬಡಿಸಿದ ಮೇಲೆ ತಟ್ಟೆ ತೂಗುವುದು, ಪಾತ್ರೆಯಲ್ಲಿ ಉಳಿದದ್ದನ್ನು ಮತ್ತೆ ತೂಗುವುದು. ಮದುವೆಯಾಗದ ಹುಡುಗಿ ಒಬ್ಬಳೇ ಮನೆ ಮನೆ ತಿರುಗಬಾರದು ಎಂದು ಮಾವ ಹೇಳಿಕಳಿಸಿದ್ದರಿಂದ ತಕ್ಕಡಿ ಹೊರುವ ಕೆಲಸ ನನ್ನ ಪಾಲಿಗೆ ಬಂತು. ಬೆಳಗ್ಗೆ ಗಂಡನಿಗೆ ಡಬ್ಬಿ ಕಟ್ಟಿ, ದೊಡ್ಡವೆರಡನ್ನು ಶಾಲೆಗೆ ಅಟ್ಟಿ, ಚಿಕ್ಕದನ್ನು ಸೊಂಟಕ್ಕೆ ಏರಿಸಿ ಹೊರಟರೆ ಮಧ್ಯಾಹ್ನ ಇಳಿದ ಮೇಲೆ ಮನೆ. ಆಮೇಲೆ ನಮ್ಮ ಅಡಿಗೆ. ನಮ್ಮ ಮನೆಯೂ ಆ ಇಪ್ಪತ್ತನಾಲ್ಕರಲ್ಲಿ ಒಂದು.

ಹಿಂದಿನ ಸಾಲಿನಲ್ಲಿ ತಮಿಳು ಸೀಮೆಯಿಂದ ಬಂದವರ ಮನೆಯೊಂದಿತ್ತು. ಅಲ್ಲಿನ ಅಜ್ಜಿ ಮೊದಲ ದಿನವೇ ತಟ್ಟೆಗೆ ಕೈ ಅಡ್ಡ ಹಿಡಿದಳು.

"ತಟ್ಟೆಗೆ ಬಿದ್ದ ಅನ್ನ ತೂಗ್ತಾರೇನಮ್ಮಾ? ದೃಷ್ಟಿ ಆಗಿ ಹೊಟ್ಟೆ ನೋವು ಬಂದ್ರೆ ನೀನು ನೋಡ್ತೀಯಾ?"

"ತೂಗೋದು ಅನ್ನಾನ ಕಣಜ್ಜಿ, ನಿನ್ನನ್ನಲ್ಲ" ಎಂದೆ ನಾನು. "ನಿನ್ನ ತೂಗಬೇಕಂದ್ರೆ ಅಡಿಕೆ ಮಂಡಿ ತಕ್ಕಡಿನೇ ತರಬೇಕು."

ಅಜ್ಜಿ ನಕ್ಕು ಕೈ ತೆಗೆದಳು. ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು ಮಾತು ಆಡಿಯೇ ತಟ್ಟೆ ಕೈಗೆ ಸಿಗುತ್ತಿದ್ದದ್ದು. ನಾದಿನಿಗೆ ಇಂಗ್ಲಿಷ್ ಬರುತ್ತಿತ್ತು, ಈ ಮಾತು ಬರುತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಪ್ರತಿ ಮನೆಯಲ್ಲೂ ನನಗೆ ಎಲೆ ಅಡಿಕೆ ತಟ್ಟೆ ಬರುತ್ತಿತ್ತು, ಅವಳಿಗೆ ಒಂದು ಬಾಳೆಹಣ್ಣು. ಮದುವೆಯಾಗದವಳು, ಅದರಲ್ಲೂ ಓದುವವಳು ಎಲೆ ಅಡಿಕೆ ಹಾಕಿಕೊಂಡರೆ ನಾಲಗೆ ದಪ್ಪವಾಗುತ್ತದೆ, ಓದು ಹತ್ತುವುದಿಲ್ಲ ಎಂದು ಆಗ ಹೇಳುತ್ತಿದ್ದರು. ಅವಳು ಹಣ್ಣನ್ನು ಚೀಲಕ್ಕೆ ಹಾಕಿಕೊಂಡು, ನಮಗೆ ಬೆನ್ನು ಮಾಡಿ ತೂಕದ ಕಲ್ಲುಗಳನ್ನು ಒರೆಸಿ ಕಟ್ಟುತ್ತಿದ್ದಳು. ನಾವು ಹೆಂಗಸರು ಗೋಡೆಗೆ ಒರಗಿ ಎಲೆಯ ನಾರು ತೆಗೆದು, ಸುಣ್ಣ ಹಚ್ಚಿ, ಮಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಇಡೀ ದಿನದಲ್ಲಿ ಕಾಲು ಚಾಚುತ್ತಿದ್ದದ್ದು ಆಗ ಮಾತ್ರ.

ಶಿವರಾತ್ರಿ ಹೊತ್ತಿಗೆ ಇಪ್ಪತ್ತನಾಲ್ಕೂ ಮನೆ ಮುಗಿದವು. ಅವಳು ನೆಲದ ಮೇಲೆ ಹಾಳೆ ಹರಡಿಕೊಂಡು ಕೂಡುವುದು, ಕಳೆಯುವುದು ಮಾಡುತ್ತಿದ್ದಳು. ನಾನು ಊಟ ಮುಗಿಸಿ ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದೆ.

"ಏನು ಸಿಕ್ತೇ ಅಷ್ಟು ತಿರುಗಿದ್ದಕ್ಕೆ?" ಎಂದು ಕೇಳಿದೆ.

"ಹೆಂಗಸರಿಗೆ ಕ್ಯಾಲ್ಸಿಯಂ ಸಾಲ್ತಿಲ್ಲ ಅತ್ತಿಗೆ. ಸುಣ್ಣ. ಮೂಳೆ ಗಟ್ಟಿ ಇರೋದು ಅದರಿಂದಾನೇ. ರಾಗಿ ಉಣ್ಣೋ ಮನೇಲಿ ಪರವಾಗಿಲ್ಲ. ಅಕ್ಕಿ ಉಣ್ಣೋರಿಗೆ ತೀರಾ ಕಮ್ಮಿ. ಹಿಂದಿನ ಸಾಲಿನ ಅಜ್ಜಿ ಇದಾರಲ್ಲ, ಎಲ್ಲರಿಗಿಂತ ಕಡಿಮೆ ಅವರದೇ."

ನನ್ನ ಬೆರಳ ತುದಿ ಬೆಳ್ಳಗಿತ್ತು. ನೋಡಿಕೊಂಡೆ. ಆ ಅಜ್ಜಿಯ ಬಾಯಿ ಬರಿದಾಗಿದ್ದದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ.

ಆವತ್ತು ಹೇಳಲಿಲ್ಲ. ಮಾರನೆಯ ದಿನವೂ ಬೆಳಗಿನಿಂದ ಸಂಜೆಯವರೆಗೆ ಹೇಳಲಿಲ್ಲ. ಅವಳ ಮೇಲಿನ ಕರುಣೆಯಿಂದ ಅಂತ ಯಾರೂ ತಿಳಿಯಬೇಕಾಗಿಲ್ಲ. ಹೇಳಿದರೆ ಮತ್ತೆ ಇಪ್ಪತ್ತನಾಲ್ಕು ಮನೆ, ಮತ್ತೆ ಆ ತಕ್ಕಡಿ, ಮತ್ತೆ ಸೊಂಟದ ಮೇಲೆ ಮಗು. ನನಗೆ ಸಾಕಾಗಿತ್ತು. ಯುಗಾದಿ ಬೇರೆ ಹತ್ತಿರ ಬಂದಿತ್ತು. ಕೊನೆಗೆ ರೊಟ್ಟಿ ತಟ್ಟುತ್ತಾ ಬಾಯಿಂದ ಬಂದೇಬಿಟ್ಟಿತು. ಬಾಯಲ್ಲಿ ಇಟ್ಟುಕೊಂಡಿರುವುದು ನನ್ನ ಗುಣವಲ್ಲ.

"ಎಲೆಗೆ ಹಚ್ಚೋ ಸುಣ್ಣ, ನೀನು ಹೇಳೋ ಸುಣ್ಣ, ಎರಡೂ ಒಂದೇನಾ?"

ಬರೆಯುತ್ತಿದ್ದವಳು ನಿಲ್ಲಿಸಿದಳು. "ಯಾರು ಹಚ್ಚೋದು?"

"ಎಲ್ಲರೂನೂ. ನೀನು ಅತ್ಲಾಗೆ ತಿರುಗಿ ತಕ್ಕಡಿ ಕಟ್ಟುವಾಗ ನಾವು ಇತ್ಲಾಗೆ ಕೂತು ಮಾಡೋದಾದ್ರೂ ಏನು ಅಂದ್ಕೊಂಡಿದ್ದೆ?"

"ದಿನಾ ಕೇಳ್ತಿದ್ದೆನಲ್ಲ ಅತ್ತಿಗೆ, ಬಾಯಿಗೆ ಹಾಕಿದ್ದೆಲ್ಲ ಹೇಳಿ ಅಂತ! ಬೆಲ್ಲದ ಚೂರು ಸಹ ಹೇಳಿದ್ರಿ. ಇದನ್ನ ಯಾಕೆ ಹೇಳಲಿಲ್ಲ?"

"ಊಟ ಮುಗಿದ ಮೇಲಿಂದು ಊಟ ಹೇಗಾಗ್ತದೆ ಮಾರಾಯ್ತಿ? ನೀನೂ ಕೇಳಲಿಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಹಾಳೆಗಳನ್ನು ಒಂದೊಂದಾಗಿ ಮತ್ತೆ ತಿರುವಿ ಹಾಕತೊಡಗಿದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು.

"ಹಾಗೇ ಬರೆದು ಕಳಿಸು" ಎಂದೆ. "ಗುಜರಾತಿನಲ್ಲಿ ಯಾರಿಗೆ ಗೊತ್ತಾಗ್ತದೆ?"

"ನೀವು ಹೇಳಿಬಿಟ್ರಲ್ಲ ಅತ್ತಿಗೆ. ಇನ್ನು ಹಾಗೇ ಹೇಗೆ ಕಳಿಸ್ಲಿ?"

ಸುಣ್ಣ ತೂಗುವುದಕ್ಕೆ ಅಡಿಗೆ ಮನೆಯ ತಕ್ಕಡಿ ಆಗುವುದಿಲ್ಲ. ಇಬ್ಬರೂ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಗಾಂಧಿ ಬಜಾರಿನಲ್ಲಿ ಪರಿಚಯದ ಅಕ್ಕಸಾಲಿಯ ಅಂಗಡಿಯಲ್ಲಿ ಕೂತೆವು. ಹಳೆಯ ತಕ್ಕಡಿ ಇದ್ದರೆ ಕೊಡಿ, ಒಂದು ತಿಂಗಳಲ್ಲಿ ತಂದುಕೊಡುತ್ತೇವೆ ಅಂದೆವು.

"ಏನು ತೂಗೋಕಮ್ಮಾ?"

"ಸುಣ್ಣ."

"ಬಂಗಾರ ತೂಗೋ ತಕ್ಕಡಿಗೆ ಸುಣ್ಣ ಬಳೀತೀರಾ? ನಾನು ನಾಳೆಯಿಂದ ಏನು, ಗೋಡೆಗೆ ಸುಣ್ಣ ಹೊಡೆಯೋಕೆ ಹೋಗ್ಲಾ?" ಎಂದ. ಬೈದುಕೊಂಡೇ ಅಟ್ಟದಿಂದ ಒಂದನ್ನು ಇಳಿಸಿ ಕೊಟ್ಟ.

ಮತ್ತೆ ಮನೆ ಮನೆ ತಿರುಗಾಟ. ಹತ್ತು ಎಲೆ ತೂಗುವುದು, ಅವರ ಕೈಯಲ್ಲೇ ಸುಣ್ಣ ಹಚ್ಚಿಸುವುದು, ಮತ್ತೆ ತೂಗುವುದು, ದಿನಕ್ಕೆ ಎಷ್ಟು ಸಲ ಎಂದು ಕೇಳಿ ಬರೆಯುವುದು. ನಮ್ಮನ್ನು ಕಂಡರೆ ಕೆಲವರು ಬಾಗಿಲು ಮುಂದೆ ಮಾಡಿಕೊಳ್ಳುವಷ್ಟಾಗಿತ್ತು. ಅಜ್ಜಿ ಮಾತ್ರ ಕಾಯುತ್ತಾ ಕೂತಿದ್ದಳು.

"ಹಾಕ್ಕೊಂಡಿದ್ದು ತೂಗಿದೆ. ಉಗುಳಿದ್ದು?" ಎಂದಳು. "ಅದನ್ನೂ ತಕ್ಕಡೀಲಿ ಹಾಕ್ತೀಯಾ ಪುಟ್ಟಿ?"

ನಾದಿನಿಯ ಮುಖ ಸಣ್ಣದಾಯಿತು. ಅದು ಅವಳಿಗೆ ಹೊಳೆದೇ ಇರಲಿಲ್ಲ. "ನೀವು ಉಗುಳ್ತೀರೋ, ನುಂಗ್ತೀರೋ ಅಜ್ಜಿ?"

"ಮೊದಲಿನದು ಉಗುಳ್ತೀನಿ. ಆಮೇಲೆ ಬರೋ ರಸ ಯಾರಾದ್ರೂ ಉಗುಳ್ತಾರಾ?"

ಅಂದರೆ ಮುಗಿಸಿ ಬಂದಿದ್ದ ಒಂಬತ್ತು ಮನೆಗಳಿಗೆ ಉಗುಳು ಕೇಳುವುದಕ್ಕೆ ಮತ್ತೆ ಹೋದೆವು. ಆ ದಿನ ನಾನು ಅವಳೊಂದಿಗೆ ಮಾತಾಡಲಿಲ್ಲ.

ಯುಗಾದಿಗೆ ಎಂಟು ದಿನ ಇರುವಾಗ ಮಾವ ಬಂದರು, ಕೈಯಲ್ಲಿ ಸಿಹಿಯ ಪೊಟ್ಟಣ. ಮಗಳು ಅಕ್ಕಸಾಲಿಯ ಅಂಗಡಿಯಲ್ಲಿ ಕೂತಿದ್ದನ್ನು ಕಂಡವರು, ಹುಡುಗಿ ತಾನೇ ಒಡವೆಗೆ ಹೇಳಿಬಂದಿದ್ದಾಳೆ ಎಂದು ಬಜಾರೆಲ್ಲ ಸುದ್ದಿ ಮಾಡಿದ್ದರು.

"ಏನವ್ವಾ, ಸರ ಮಾಡೋಕೆ ಹೇಳಿ ಬಂದ್ಯಂತೆ?" ಎಂದು ನಗುತ್ತಾ ಒಳಗೆ ಬಂದವರು, ಮೊಳೆಗೆ ತೂಗುಹಾಕಿದ್ದ ತಕ್ಕಡಿ ನೋಡಿ ನಿಂತರು.

ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಯುಗಾದಿಗೆ ಆಗುವುದಿಲ್ಲ, ಜ್ಯೇಷ್ಠದವರೆಗೆ ಬೇಕು. ಮಾವ ನನ್ನ ಕಡೆ ತಿರುಗಿದರು.

"ನೀನಾದ್ರೂ ಬುದ್ಧಿ ಹೇಳಬಾರದಾಗಿತ್ತೇನಮ್ಮಾ?"

"ನಾನು ಬಾಯಿ ಬಿಟ್ಟಿದ್ದಕ್ಕೇ ಹೀಗಾಗಿದ್ದು ಮಾವ."

ಮನೆಗೆ ಬಂದವರಿಗೆ ಇಡಬೇಕಲ್ಲ ಎಂದು ಎಲೆ ಅಡಿಕೆ ತಟ್ಟೆ ಮುಂದಿಟ್ಟೆ. ಅವರು ಸಿಟ್ಟಿನಲ್ಲೇ ಎಲೆಗೆ ಸುಣ್ಣ ಬಳಿದರು. ಬಾಯಿಗೆ ಹಾಕಿಕೊಳ್ಳಬೇಕು, ಅಷ್ಟರಲ್ಲಿ ಅವಳ ಕೈ ಮುಂದೆ ಬಂತು.

"ಅಪ್ಪಾಜಿ, ಒಂದು ನಿಮಿಷ."

"ನಾನೇನು ಹೆಂಗಸೇನೇ, ತೂಗೋಕೆ?" ಎಂದರು. ಆದರೂ ಎಲೆ ಕೊಟ್ಟರು. ಅವಳು ತೂಗಿ ವಾಪಸ್ ಕೊಟ್ಟಳು. ಅವರು ಅಗಿಯುತ್ತಾ ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು. ಆಮೇಲೆ, "ಜ್ಯೇಷ್ಠ ಅಂತ ಆಯನೂರಿಗೆ ಹೇಳಿ ಕಳಿಸ್ತೀನಿ. ಅವರು ಕಾಯದೇ ಇದ್ರೆ ನನ್ನ ಕೇಳಬೇಡಿ" ಎಂದು ಎದ್ದು ಹೋದರು. ಸಿಹಿಯ ಪೊಟ್ಟಣವನ್ನು ಬಿಚ್ಚದೆ ವಾಪಸ್ ಒಯ್ದರು.

ಆಯನೂರಿನವರು ಕಾಯಲಿಲ್ಲ. ಆ ಹುಡುಗನಿಗೆ ಅದೇ ವೈಶಾಖದಲ್ಲಿ ಬೇರೆ ಹುಡುಗಿಯ ಜೊತೆ ಮದುವೆಯಾಯಿತು. ಮಾವ ಹೋಗಿ ಉಂಡು ಬಂದರು. ಒಂದು ವರ್ಷ ನನ್ನ ಹತ್ತಿರ ನೇರ ಮಾತಾಡಲಿಲ್ಲ, ಹೇಳಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದರು.

ಜ್ಯೇಷ್ಠದಲ್ಲಿ ಅವಳು ಪುಸ್ತಕ ಒಪ್ಪಿಸಿದಳು. ಡಿಗ್ರಿ ಬಂತು. ದೀಪಾವಳಿಗೆ ಬಂದಾಗ ಕಪ್ಪು ರಟ್ಟಿನ ಆ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು. ಎಲ್ಲ ಇಂಗ್ಲಿಷ್. ಸುಣ್ಣದ ಪುಟ ತೆಗೆದು ತೋರಿಸಿದಳು. ಹೆಸರುಗಳಿರಲಿಲ್ಲ, ಮನೆಯ ನಂಬರು ಮಾತ್ರ. ಅಂಕಿ ನನಗೂ ಓದಲು ಬರುತ್ತದೆ. ನಮ್ಮದು ಹದಿನೇಳನೆಯದು. ದಿನಕ್ಕೆ ಎಷ್ಟು ಸಲ ಅನ್ನುವಲ್ಲಿ ಎಂಟು ಎಂದಿತ್ತು.

ನಾನು ಹಾಕಿಕೊಳ್ಳುತ್ತಿದ್ದದ್ದು ಹತ್ತು. ಎರಡನ್ನು ಹೇಳಿರಲಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆ ನೋಡಿದಾಗ ತಳ ಕಂಡರೆ, ಅನ್ನದ ಬದಲು ಹಾಕಿಕೊಳ್ಳುತ್ತಿದ್ದ ಎಲೆಗಳು ಅವು. ಹಸಿವು ಸುಮ್ಮನಾಗುತ್ತದೆ. ಅವಳು ನಮ್ಮ ಮನೆಯಲ್ಲಿ ತೂಗಿದ ಮೂರು ದಿನ ನಾನು ಅರ್ಧ ಪಾವು ಅಕ್ಕಿ ಹೆಚ್ಚಿಗೆ ಹಾಕಿ, ಅವಳೆದುರು ಸರಿಯಾಗಿ ಉಂಡಿದ್ದೆ. ಸಾಲುಮನೆಯ ಉಳಿದ ಹೆಂಗಸರೂ ಹಾಗೇ ಮಾಡಿರುತ್ತಾರೆ. ಗಂಡನ ಮನೆಯಲ್ಲಿ ಊಟ ಸಾಲುವುದಿಲ್ಲ ಎಂದು ಯಾರೂ ಬರೆಸುವುದಿಲ್ಲ.

"ಸರಿಯಾಗಿದೆಯಾ ಅತ್ತಿಗೆ?" ಎಂದು ಕೇಳಿದಳು.

"ಸರಿಯಾಗಿದೆ" ಎಂದು ಪುಸ್ತಕ ಮುಚ್ಚಿ ಕೊಟ್ಟೆ. ಬಾಯಲ್ಲಿ ಏನೂ ಇಟ್ಟುಕೊಳ್ಳದವಳು ಇದೊಂದನ್ನು ಇಟ್ಟುಕೊಂಡೆ. ಹೇಳಿದ್ದರೆ ಅವಳು ಆ ಗಳಿಗೆಯಲ್ಲೇ ಎದ್ದು ತಕ್ಕಡಿ ಹುಡುಕುತ್ತಿದ್ದಳು. ಮತ್ತೆ ಇಪ್ಪತ್ತನಾಲ್ಕು ಮನೆ ತಿರುಗುವಷ್ಟು ಕಾಲು ನನಗಿರಲಿಲ್ಲ.