ಕರಕಿ ಚೀಲ

ಬೆಟಗೇರಿಯ ಫುಟ್‌ಬಾಲ್ ಕ್ಲಬ್ಬೊಂದರ ಮೈದಾನದ ಮಣ್ಣು ಬದಲಿಸುವ ಗುತ್ತಿಗೆ ನನ್ನದಾಗಿತ್ತು. ಅಲ್ಲಿದ್ದದ್ದು ಅಪ್ಪಟ ಕಪ್ಪು ಎರಿ ಮಣ್ಣು. ಬೇಸಿಗೆಯಲ್ಲಿ ಬಿರುಕಿನಲ್ಲಿ ಆಟಗಾರರ ಕಾಲು ಸಿಕ್ಕಿಕೊಳ್ಳುತ್ತಿತ್ತು. ಮಳೆಯಲ್ಲಿ ಬೂಟು ಕೆಸರಿನಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತಿತ್ತು. ಅದನ್ನು ಅಗೆದು ತೆಗೆದು ಕೆಂಪು ಮಸಾರಿ ಮಣ್ಣು ಹರಡಿದೆವು.

ತೆಗೆದ ಮಣ್ಣನ್ನು ಹೊಲಕ್ಕೆ ಒಯ್ಯಲು ಸೊರಟೂರಿನ ರೈತರೊಬ್ಬರು ಟ್ರ್ಯಾಕ್ಟರ್ ತಂದಿದ್ದರು. ಅಷ್ಟರಲ್ಲಿ ಮೈದಾನಕ್ಕೆ ನೆಡಲು ನಾನು ತರಿಸಿದ ಗರಿಕೆ ಹುಲ್ಲಿನ ಚೀಲಗಳು ಲಾರಿಯಿಂದ ಇಳಿದವು. ಒಂದನ್ನು ಬಿಚ್ಚಿ ನೋಡಿದ ಅವರು ಹಾವು ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು.

"ಇದು ಕರಕಿ ಐತಲ್ರಿ! ಇದನ್ನ ಕೀಳಾಕ ನಮ್ಮಪ್ಪ ಸಾಯೂತನಕ ಹೊಲದಾಗ ಬಗ್ಗಿದ್ದ. ನೀವು ಬೇಕಂತ ಹಚ್ಚಾಕತ್ತೀರಿ?"

"ಎಷ್ಟು ತುಳಿದ್ರೂ ಸಾಯಂಗಿಲ್ರಿ, ಅದಕ್ಕ," ಅಂದೆ.

"ಸಾಯಂಗಿಲ್ಲ ಅನ್ನೂದು ನನಗ ಹೇಳ್ತೀರಿ?"

ಹೊರಡುವ ಮುಂಚೆ ಅವರು ಚಪ್ಪಲಿ ಕೊಡವಿ, ಟ್ರ್ಯಾಕ್ಟರಿನ ಗಾಲಿಗಳನ್ನೆಲ್ಲ ಒರೆಸಿದರು, ಒಂದು ಎಳೆಯೂ ತಮ್ಮ ಹೊಲ ಸೇರಬಾರದೆಂದು. ನನಗೆ ನಗು ಬಂತು.

ಆಟ ಶುರುವಾದ ಮೇಲೆ ಗೋಲಿನ ಮುಂದಿನ ಹುಲ್ಲು ಸವೆದು ಬೋಳಾಯಿತು. ನೀರು, ಗೊಬ್ಬರ ಯಾವುದಕ್ಕೂ ಚಿಗುರಲಿಲ್ಲ. ನಾಚಿಕೆ ಬಿಟ್ಟು, ಹೊಲದ ಕರಕಿ ಕೊಡುತ್ತೀರಾ ಎಂದು ಆ ರೈತರಿಗೇ ಫೋನ್ ಮಾಡಿದೆ.

"ನಮ್ಮ ಹೊಲದಾಗ ಬೇಕಾದಷ್ಟೈತಿ, ಬರ್ರಿ," ಅಂದರು. "ಆದ್ರ ಬೇರುಸಹಿತ ನೀವ ಕೀಳಬೇಕು. ನಮ್ಮಪ್ಪನ ಕೈಲಿ ಆಗಲಿಲ್ಲ, ನಿಮ್ಮ ಕೈಲಾದ್ರೂ ಆಗ್ತೈತೇನ ನೋಡೂಣು."

ಹೋಗಿ ಇಡೀ ದಿನ ಬಗ್ಗಿದೆ. ಚೀಲ ತುಂಬಿತು. ಬೇರಿನ ಕೊನೆ ಮಾತ್ರ ನನಗೂ ಸಿಗಲಿಲ್ಲ.