ಭಾವನ ಹೊಲಿಗೆ

ಕೆಲವರಿಗೆ ಮಲ್ಲಿಗೆಯ ಪರಿಮಳ ಬಂದರೆ ಅಮ್ಮ ನೆನಪಾಗುತ್ತಾಳಂತೆ. ನನಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಭಾವ ನೆನಪಾಗುತ್ತಾರೆ. ದೊಡ್ಡದಾಗಿ ಹೇಳಿಕೊಳ್ಳುವ ವಿಷಯವೇನಲ್ಲ, ಆದರೂ ನಿಮ್ಮಲ್ಲಿ ಮುಚ್ಚಿಡುವುದೇಕೆ? ಈ ಬೆಳಿಗ್ಗೆ ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ, ಚಪ್ಪಲಿ ರಿಪೇರಿ ಮಾಡುವವನ ಎದುರು ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತಿದ್ದೆ. ಆತ ಕಾದ ಕಬ್ಬಿಣದ ಕಡ್ಡಿಯನ್ನು ನನ್ನ ಚಪ್ಪಲಿಗೆ ಚುಚ್ಚಿದ. ಚುಯ್ ಎಂದು ಸಣ್ಣಗೆ ಹೊಗೆ ಎದ್ದಿತು. ಅಷ್ಟೇ, ಭಾವ ಎದುರು ಬಂದು ಕೂತರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಎನ್.ಆರ್. ಪುರದಲ್ಲಿ ಟೈಲರ್. ಊರಿನ ಅರ್ಧ ಜನ ಅವರು ಹೊಲಿದ ಅಂಗಿಯಲ್ಲೇ ಮದುವೆಯಾದದ್ದು. ಆದರೆ ಬಟ್ಟೆ ಹೊಲಿದು ಅವರಿಗೆ ತೃಪ್ತಿ ಇರಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದವರೇ ಹರಿದದ್ದು, ಒಡೆದದ್ದು, ಬಿರಿದದ್ದು ಏನಿದೆ ಎಂದು ಹುಡುಕುತ್ತಿದ್ದರು. ಬಕೆಟ್ಟು ಸೀಳಿದರೆ ಗ್ಯಾಸ್ ಒಲೆಯ ಮೇಲೆ ಮೊಳೆ ಕಾಯಿಸಿ, ಸೀಳಿನ ಎರಡೂ ಬದಿಗೆ ಸಾಲಾಗಿ ತೂತು ಮಾಡಿ, ತೆಳ್ಳಗಿನ ತಂತಿ ಪೋಣಿಸಿ ಹೊಲಿದುಬಿಡುವುದು. ಮೊರ, ಕಸಬರಿಗೆಯ ಹಿಡಿ, ಮಕ್ಕಳ ಟಿಫಿನ್ ಡಬ್ಬಿಯ ಮುಚ್ಚಳ, ಯಾವುದೂ ಅವರ ಕೈಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. "ನಾನೊಬ್ಬಳು ಬಿರಿದಿಲ್ಲ ನೋಡು, ಬಚಾವಾದೆ," ಎನ್ನುತ್ತಿದ್ದಳು ಅಕ್ಕ.

ಅವರ ಮನೆಯ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಕತೆಯಲ್ಲಿ ನನ್ನ ಪಾತ್ರವೂ ಇದೆ. ಒಂದು ದೀಪಾವಳಿ ಊಟ ಮುಗಿಸಿ ನಾನು ಅದರಲ್ಲಿ ಹಿಂದಕ್ಕೆ ಒರಗಿದೆ. ಕುರ್ಚಿಯ ಬೆನ್ನು ಮೇಲಿಂದ ಕೆಳಗಿನ ತನಕ ಸೀಳಿತು. ಮರುವಾರವೇ ಹೊಸ ಕುರ್ಚಿಯೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದೆ. ಹೋಗಿ ನೋಡಿದರೆ ಹಳೇ ಕುರ್ಚಿ ಜಗಲಿಯಲ್ಲೇ ಕೂತಿದೆ. ಬೆನ್ನ ತುಂಬ ತಾಮ್ರದ ತಂತಿಯ ಹೊಲಿಗೆ, ಮೀನಿನ ಮುಳ್ಳಿನ ಹಾಗೆ ಅಡ್ಡಡ್ಡ.

"ಭಾವ, ಕಾಲರ್ ಒಂದು ಇಟ್ಟಿದ್ರೆ ಚಂದ ಇರ್ತಿತ್ತು," ಎಂದೆ.

"ಕಾಲರ್ ಕೇಳೋರು ಮೊದ್ಲು ಹೊಟ್ಟೆ ಅಳತೆ ಕೊಡ್ಬೇಕು ಮಾರಾಯ," ಎಂದರು.

ನಾನು ತಂದ ಕುರ್ಚಿಯ ಮೇಲೆ ಅಕ್ಕ ಹಪ್ಪಳ ಒಣಗಿಸಿದಳು.

ಭಾವನನ್ನು ಹಾಸ್ಯ ಮಾಡುವ ಅಧಿಕಾರ ನನಗಿದೆ ಎಂದೇ ನಾನು ತಿಳಿದಿದ್ದೆ. ಏಕೆಂದರೆ ನಾನು ಕಲಾವಿದ. ಕೊಪ್ಪದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಮೇಜಿನ ಮೇಲೆ ಒಂದು ತಂಬಿಗೆ, ಎರಡು ನಿಂಬೆಹಣ್ಣು, ಮಡಿಸಿದ ಟವೆಲ್ಲು ಇಟ್ಟು ಎಷ್ಟು ಮಕ್ಕಳ ಕೈಯಲ್ಲಿ ವಸ್ತುಚಿತ್ರ ಬರೆಸಿದ್ದೇನೋ ಲೆಕ್ಕವಿಲ್ಲ. ತಂಬಿಗೆ ಹೊಳೆಯಬೇಕು, ನೆಗ್ಗು ಇರಬಾರದು. ಇದು ನನ್ನ ನಿಯಮ. ರಜೆಯಲ್ಲಿ ತುಂಗೆಯ ದಡದಲ್ಲಿ ಕೂತು ಜಲವರ್ಣದ ಚಿತ್ರ ಬರೆಯುತ್ತಿದ್ದೆ. ಅವು ಈಗಲೂ ನಮ್ಮ ಮನೆಯ ಮಂಚದ ಕೆಳಗೆ ಸುರಕ್ಷಿತವಾಗಿವೆ.

ಭಾವನಿಗೆ ಪಾರ್ಶ್ವವಾಯು ಹೊಡೆದದ್ದು ನಾನು ನಿವೃತ್ತನಾದ ವರ್ಷ. ಕಾಲು ನಿಧಾನವಾಗಿ ಸರಿಹೋಯಿತು, ಮಾತೂ ಬಂತು. ಬಲಗೈ ಮಾತ್ರ ಬರಲಿಲ್ಲ. ಅಂಗಡಿ ಮುಚ್ಚಿದರು. ಹೊಲಿಗೆ ಮಿಷನ್ನು ಮನೆಗೆ ಬಂದು ಹಳೇ ಸೀರೆ ಹೊದ್ದು ಮೂಲೆಯಲ್ಲಿ ನಿಂತಿತು. ಭಾವ ಅದಕ್ಕೆ ಬೆನ್ನು ಹಾಕಿ, ಅದೇ ಕೆಂಪು ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಹೋದರೆ ಒಂದು "ಹ್ಞೂಂ". ಹೊರಟರೆ ಇನ್ನೊಂದು.

"ಮಾತು ಬರ್ತದೆ ಕಣೋ, ಆಡೋದಿಲ್ಲ," ಎನ್ನುತ್ತಿದ್ದಳು ಅಕ್ಕ. ನಾನು ಹೇಳುತ್ತಿದ್ದ ಹಾಸ್ಯಗಳು ಜಗಲಿಯಲ್ಲೇ ಬಿದ್ದಿರುತ್ತಿದ್ದವು, ಎತ್ತಿಕೊಳ್ಳುವವರಿಲ್ಲದೆ. ಕ್ರಮೇಣ ನಾನು ಹೋಗುವುದೇ ಕಡಿಮೆಯಾಯಿತು. ಬೇರೆ ಏನೇನೋ ಕಾರಣ ಹೇಳುತ್ತಿದ್ದೆ. ನಿಜ ಏನೆಂದರೆ ಆ ಕೈ ನೋಡಲು ನನಗೆ ಧೈರ್ಯವಿರಲಿಲ್ಲ.

ಹೀಗಿರುವಾಗ ಒಂದು ದಿನ ಶಾಹಿನಾ ಫೋನ್ ಮಾಡಿದಳು. ನಮ್ಮ ಕೊಪ್ಪದ ಪಾತ್ರೆ ಅಂಗಡಿಯವರ ಮಗಳು, ನನ್ನ ಹಳೇ ವಿದ್ಯಾರ್ಥಿನಿ. ಮೈಸೂರಿನಲ್ಲಿ ಕಲೆ ಓದಿ, ಅಲ್ಲಿ ಇಲ್ಲಿ ಪ್ರದರ್ಶನ ಮಾಡಿದವಳು. "ಸರ್, ಕೊಪ್ಪದಲ್ಲೇ ಒಂದು ಪ್ರದರ್ಶನ ಮಾಡ್ತಿದೀನಿ. ನಿಮ್ಮ ಮನೆಗೆ ಬರ್ಬೇಕು," ಎಂದಳು. ನಾನು ಕ್ಷೌರ ಮಾಡಿಸಿಕೊಂಡು ಬಂದೆ. ಮಂಚದ ಕೆಳಗಿನ ತುಂಗೆಯನ್ನೆಲ್ಲ ಹೊರಗೆ ಹರಿಸಿ, ಧೂಳು ಒರೆಸಿ, ಜಗಲಿಯ ಉದ್ದಕ್ಕೂ ಜೋಡಿಸಿಟ್ಟೆ.

ಹುಡುಗಿ ಬಂದಳು. ಒಂದೊಂದನ್ನೂ ನೋಡಿ "ಚೆನ್ನಾಗಿದೆ ಸರ್," ಎಂದಳು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವಳು ಹೊರಗೆ ಬರಲೇ ಇಲ್ಲ. ನೋಡಿದರೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ತಂತಿಯಲ್ಲಿ ಹೊಲಿದ ನಮ್ಮ ನೀಲಿ ಬಕೆಟ್ಟನ್ನು ಮಗುವಿನ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ.

"ಸರ್, ಇದು ಯಾರ ಕೆಲ್ಸ?"

"ನಮ್ಮ ಭಾವನ ಹುಚ್ಚು," ಎಂದೆ.

ಅವಳ ಪ್ರದರ್ಶನ ಅಂಥ ವಸ್ತುಗಳದ್ದೇ ಅಂತೆ. ಮನೆಮನೆಯಲ್ಲಿ ಒಡೆದು, ಮನೆಯವರೇ ಸರಿಮಾಡಿ, ಇನ್ನೂ ಬಳಸುತ್ತಿರುವ ಸಾಮಾನು. ಅದನ್ನು ಚಿತ್ರ ಬರೆಯುವುದಲ್ಲ, ಅದನ್ನೇ ಇಡುವುದು. ನನ್ನ ಹೆಂಡತಿ ಹೌಹಾರಿದಳು. "ಬಚ್ಚಲು ಬಕೆಟ್ಟು ನೋಡಕ್ಕೆ ಜನ ಬರ್ತಾರಾ? ನಮ್ಮನೇದು ಅಂತ ಮಾತ್ರ ಬರೀಬೇಡ ಮಾರಾಯ್ತಿ!" ಅವಳೊಬ್ಬಳದ್ದೇ ಅಲ್ಲ, ಎಲ್ಲರ ಕತೆಯೂ ಅದೇ. ಮೆಣಸೆ ಊರಿನ ಪರಿಚಯದವರೊಬ್ಬರ ಹತ್ತಿರ ತಂತಿ ಕಟ್ಟಿದ ಕುಕ್ಕರ್ ಕೇಳಿದರೆ, ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದ ಹಿತ್ತಾಳೆ ದೀಪ ತಂದುಕೊಟ್ಟರು. ಎಷ್ಟು ಹೇಳಿದರೂ ಕುಕ್ಕರ್ ಒಳಗಿನಿಂದ ಹೊರಬರಲಿಲ್ಲ.

ನನಗೂ ಒಳಗೊಳಗೇ ಉರಿಯುತ್ತಿತ್ತು. ಮೂವತ್ತು ವರ್ಷ ಬಣ್ಣ ಕಲಸಿದವನು ನಾನು, ಪ್ರದರ್ಶನಕ್ಕೆ ಹೋಗುವುದು ಭಾವನ ಬಕೆಟ್ಟು! ಆದರೂ ಶಾಹಿನಾಳನ್ನು ಎನ್.ಆರ್. ಪುರಕ್ಕೆ ಕರೆದುಕೊಂಡು ಹೋದೆ. ಮೇಷ್ಟ್ರಲ್ಲವೇ, ಮುಖ ಉಳಿಸಿಕೊಳ್ಳಬೇಕು.

ಅಕ್ಕ ಹಪ್ಪಳದ ಕುರ್ಚಿಯನ್ನು ತೊಳೆದು ಮುಂದಿಟ್ಟಳು. ಶಾಹಿನಾ ಅದರ ಕಡೆ ತಿರುಗಿಯೂ ನೋಡಲಿಲ್ಲ. ಭಾವ ಕೂತಿದ್ದ ಕುರ್ಚಿಯ ಹಿಂದೆ ಹೋಗಿ, ಹೊಲಿಗೆಯ ಮೇಲೆ ಬೆರಳಾಡಿಸಿ, "ಇದಕ್ಕೆ ಎಷ್ಟು ದಿನ ಹಿಡೀತು?" ಎಂದು ಕೇಳಿದಳು. ಭಾವ ಕುರ್ಚಿಯ ಕೈ ಹಿಡಿದು ನಿಧಾನಕ್ಕೆ ಎದ್ದು ನಿಂತು, "ತಗೊಂಡ್ಹೋಗಿ," ಎಂದರು. ಯಾರಿಗೋ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗಿತ್ತು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

ಪ್ರದರ್ಶನ ಇಟ್ಟದ್ದು ಕೊಪ್ಪದಲ್ಲಿ ಖಾಲಿ ಬಿದ್ದಿದ್ದ ಅಡಿಕೆ ಗೋದಾಮಿನಲ್ಲಿ. ಕುರ್ಚಿಯನ್ನು ನಡುವೆ, ಕಣ್ಣಿನ ಮಟ್ಟಕ್ಕೆ ತೂಗುಹಾಕಬೇಕೆಂದು ಶಾಹಿನಾ ಹೇಳಿದಳು. ಆ ಕೆಲಸ ನಾನೇ ವಹಿಸಿಕೊಂಡೆ. ಹಗ್ಗ ಬಿಗಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಭೇಷ್ ಅನ್ನಿಸಿತು.

ಮೊದಲ ದಿನವೇ ಜನ ಸುಮಾರಾಗಿ ಬಂದರು. ಬಂದವರಲ್ಲಿ ಒಬ್ಬರು ಬಕೆಟ್ಟಿನ ಮುಂದೆ ನಿಂತು, "ಇಂಥದ್ದು ನಮ್ಮನೇಲಿ ರಾಶಿ ಇದೆ, ನಮ್ಮ ಅಮ್ಮನೂ ಕಲಾವಿದೆ ಅಂತ ಗೊತ್ತೇ ಇರ್ಲಿಲ್ಲ," ಎಂದರು. ಇನ್ನೊಬ್ಬರು ಹ್ಯಾಂಡಲಿಗೆ ಬಟ್ಟೆ ಸುತ್ತಿದ ಕೊಡೆಯನ್ನು ತಮ್ಮದೆಂದು ತೆಗೆದುಕೊಂಡು ಹೊರಟೇಬಿಟ್ಟಿದ್ದರು. ಅವರನ್ನು ಬಾಗಿಲಲ್ಲಿ ತಡೆದು ವಾಪಸ್ ತರಿಸಬೇಕಾಯಿತು.

ಮಧ್ಯಾಹ್ನ ಅಕ್ಕ ಭಾವನನ್ನು ಕಾರು ಮಾಡಿಸಿಕೊಂಡು ಕರೆತಂದಳು. ಕಾಯಿಲೆ ಬಿದ್ದ ಮೇಲೆ ಅವರು ಊರು ದಾಟಿದ್ದು ಅದೇ ಮೊದಲು. ನಿಧಾನಕ್ಕೆ ಹೆಜ್ಜೆ ಹಾಕಿ ಬಂದು ಕುರ್ಚಿಯ ಎದುರು ನಿಂತರು. ತೂಗಾಡುವ ಕುರ್ಚಿ, ಎದುರಿಗೆ ಅವರು. ಈಗ ಭಾವನ ಕಣ್ಣು ತುಂಬುತ್ತದೆ, ಎರಡು ಮಾತು ಆಡುತ್ತಾರೆ, ನಾನು ಹೆಗಲ ಮೇಲೆ ಕೈ ಇಡಬೇಕು ಎಂದೆಲ್ಲ ತಯಾರಾಗಿ ನಿಂತಿದ್ದೆ.

"ಇದನ್ನ ಕಟ್ಟಿದ್ದು ಯಾರು?" ಎಂದರು ಭಾವ.

"ನಾನೇ," ಎಂದೆ, ಎದೆ ಮುಂದೆ ಮಾಡಿ.

"ಇಳಿಸು. ಹಗ್ಗ ಹೊಲಿಗೆ ಮೇಲೆ ಹಾಯ್ಸಿದೀಯ. ಭಾರಕ್ಕೆ ಮೂರು ಹೊಲಿಗೆ ಕಿತ್ತು ಹೋಗಿದೆ, ಕಣ್ಣು ಕಾಣಲ್ವಾ?"

ಎರಡು ವರ್ಷದಲ್ಲಿ ನಾನು ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು.

ಇಳಿಸಿದೆವು. ಶಾಹಿನಾ ಎಲ್ಲಿಂದಲೋ ತಂತಿ ತಂದಳು. ಭಾವ ನೆಲದ ಮೇಲೆ ಕೂತು ತಂತಿಯನ್ನು ಬಲಗೈಗೆ ತೆಗೆದುಕೊಂಡರು. ಬೆರಳು ಮಡಚಲಿಲ್ಲ, ತಂತಿ ಜಾರಿ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು. ಸುತ್ತ ಜನ ಸೇರಿದ್ದರು. ಅಕ್ಕ ಗೋಡೆಯ ಕಡೆ ತಿರುಗಿದಳು. ಇಷ್ಟು ದಿನ ನಾನು ನೋಡದೆ ತಪ್ಪಿಸಿಕೊಂಡದ್ದು ಇದನ್ನೇ.

ಮೂರನೇ ಸಲ ತಂತಿ ಬಿದ್ದಾಗ ನಾನು ಅವರ ಪಕ್ಕದಲ್ಲಿ ಕೂತು ಅದನ್ನು ಎತ್ತಿಕೊಂಡೆ. "ಹೇಳಿ ಭಾವ, ಎಲ್ಲಿಂದ ಬರ್ಬೇಕು?"

ಅವರು ನನ್ನ ಮುಖ ನೋಡಿದರು. ಬೈಯುತ್ತಾರೋ ಎದ್ದುಹೋಗುತ್ತಾರೋ ಗೊತ್ತಾಗಲಿಲ್ಲ.

"ಒಳಗಿಂದ," ಎಂದರು ಕೊನೆಗೆ. "ಒಳಗಿಂದ ಹೊರಗೆ. ಎಳೀಬೇಡ ಮಾರಾಯ, ಎತ್ತು ಕಟ್ತಿದೀಯಾ? ಸಡ್ಲ ಬಿಡು. ಹ್ಞಾಂ, ಈಗ ಅಡ್ಡ... ಅದು ಅಡ್ಡನಾ? ಮೂವತ್ತು ವರ್ಷ ಮಕ್ಕಳಿಗೆ ಎಂಥ ಗೆರೆ ಎಳೆಸಿದ್ಯೋ?"

ಗೋದಾಮಿಗೆ ಗೋದಾಮೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಶಾಹಿನಾ. ಅವಳೂ ಆ ಮಕ್ಕಳಲ್ಲಿ ಒಬ್ಬಳಲ್ಲವೇ?

ಮೂರು ಹೊಲಿಗೆಗೆ ಮುಕ್ಕಾಲು ಗಂಟೆ ಹಿಡಿಯಿತು. ಶಾಹಿನಾ ಕುರ್ಚಿಯನ್ನು ಮತ್ತೆ ತೂಗುಹಾಕಲಿಲ್ಲ, ನೆಲದ ಮೇಲೇ ಇಟ್ಟಳು. ದಣಿದಿದ್ದ ಭಾವ ಅದರಲ್ಲೇ ಕೂತರು. ಆಮೇಲೆ ಬಂದ ಹೆಂಗಸೊಬ್ಬರು ಅವರ ಸುತ್ತ ಒಂದು ಸುತ್ತು ಬಂದು, ಅಕ್ಕನ ಹತ್ತಿರ ಮೆಲ್ಲಗೆ, "ಇವ್ರೂ ಪ್ರದರ್ಶನದ್ದಾ?" ಎಂದು ಕೇಳಿದರು.

"ಅಲ್ಲ, ನಮ್ಮನೇದು," ಎಂದಳು ಅಕ್ಕ.

ಅಂದಿನಿಂದ ಪ್ರತಿ ಭಾನುವಾರ ನಾನು ಎನ್.ಆರ್. ಪುರಕ್ಕೆ ಹೋಗುತ್ತೇನೆ. ಭಾವ ಹೇಳುತ್ತಾರೆ, ನಾನು ಹೊಲಿಯುತ್ತೇನೆ, ಅವರು ಬಿಚ್ಚಿಸುತ್ತಾರೆ, ನಾನು ಮತ್ತೆ ಹೊಲಿಯುತ್ತೇನೆ. ಚಿತ್ರ ಬರೆಯುವುದನ್ನು ಬಿಟ್ಟಿಲ್ಲ, ಆದರೆ ಈಗ ಬರೆಯುವ ಪಾತ್ರೆಗಳಲ್ಲಿ ನೆಗ್ಗು ಇರುತ್ತದೆ.

ಇವತ್ತೂ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದೆ. ಹೋದಾಗ ಭಾವ ಜಗಲಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಅಕ್ಕನ ಹರಿದ ಕೈಚೀಲ. ಬಲಗೈ ಅದರ ಮೇಲೆ ಸುಮ್ಮನೆ ಭಾರವಾಗಿ ಒತ್ತಿಕೊಂಡಿತ್ತು, ಸೂಜಿ ಎಡಗೈಯಲ್ಲಿತ್ತು. ಹರಿದ ಜಾಗದ ಅರ್ಧ ಆಗಲೇ ಹೊಲಿದಾಗಿತ್ತು, ಕೋಳಿ ಕೆದರಿದ ಹಾಗೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ಅಕ್ಕ ನನಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಿದಳು.

"ಹೇಗಿದೆ?" ಎಂದರು ಭಾವ, ತಲೆ ಎತ್ತದೆ.

ಸುಳ್ಳು ಹೇಳಬಹುದಿತ್ತು. ಆದರೆ ಇಂಥ ಹೊತ್ತಿನಲ್ಲಿ ನಾನು ಸುಳ್ಳು ಹೇಳಿದರೆ ಅವರಿಗೆ ಅವಮಾನ ಅನ್ನಿಸಿತು. "ಸೊಟ್ಟ ಇದೆ ಭಾವ," ಎಂದೆ.

"ಇರ್ಲಿ. ನಿಂದಕ್ಕಿಂತ ಅಡ್ಡಿಲ್ಲ," ಎಂದು ಚೀಲದ ಇನ್ನೊಂದು ತುದಿಯನ್ನು ನನ್ನ ಕಡೆ ತಳ್ಳಿದರು. "ಅದನ್ನ ಹಿಡ್ಕೋ. ಬರೀ ಹಿಡ್ಕೋ. ಹೊಲಿಯಕ್ಕೆ ಹೋಗ್ಬೇಡ."

ಹಿಡಿದುಕೊಂಡು ಕೂತೆ.