ಜಾಗ ಐತಿ, ಜಾಗ ಇಲ್ಲ

"ಒಳಗ ಸರೀರಿ! ಅಷ್ಟು ಜಾಗ ಐತಿ, ಬಾಗಲ್ದಾಗ ನಿಂತೀರಲ್ಲ, ಮನಷ್ಯಾರು ಹೌದಿಲ್ಲೋ?"

ಇವತ್ತು ಬೆಳಿಗ್ಗೆ ವಿದ್ಯಾನಗರ ಸ್ಟಾಪಿನಲ್ಲಿ ಕೆಳಗೆ ನಿಂತು ಹೀಗೆ ಗದರಿದ ಕಾಕಾ ಒಬ್ಬರು, ನಮ್ಮನ್ನೆಲ್ಲ ನೂಕಿಕೊಂಡು ಧಾರವಾಡದ ಬಸ್ಸು ಹತ್ತಿದರು. ಹತ್ತಿದವರೇ ತಮ್ಮ ಕೈಚೀಲವನ್ನು ಸೀಟಿನಲ್ಲಿದ್ದ ಅಜ್ಜಿಯ ತೊಡೆಯ ಮೇಲಿಟ್ಟು, "ಸ್ವಲ್ಪ ಹಿಡಕೋ ಬೇ ಯವ್ವಾ" ಎಂದು ಬಾಗಿಲಲ್ಲೇ ಕಂಬ ಹಿಡಿದು ನಿಂತರು.

ಉಣಕಲ್ಲಿನಲ್ಲಿ ಮತ್ತಷ್ಟು ಜನ ಹತ್ತಲು ಬಂದರು. ಕಾಕಾ ಸಿಡುಕಿದರು: "ಎಲ್ಲಿ ಹತ್ತತೀರಿ? ಕಾಲಿಡಾಕ ಜಾಗ ಇಲ್ಲ! ಹಿಂದ ಇನ್ನೊಂದು ಬಸ್ ಐತಿ, ಅದರಾಗ ಬರ್ರಿ."

ಅಷ್ಟರಲ್ಲಿ ಇಳಿಯುವವರು ನುಗ್ಗಿದ್ದರಿಂದ ದಾರಿ ಬಿಡಲು ಕಾಕಾನೂ ಕೆಳಗಿಳಿಯಬೇಕಾಯಿತು. ಅವರ ಕಾಲು ರಸ್ತೆಗೆ ತಾಗಿದ್ದೇ ತಡ, ಕಾದಿದ್ದವರೆಲ್ಲ ಏರಿ ಬಾಗಿಲು ತುಂಬಿದರು. ಕಾಕಾಗೆ ಮತ್ತೆ ಜ್ಞಾನೋದಯವಾಯಿತು. "ಒಳಗ ಸರೀರೆಪಾ, ಭಾಳ ಜಾಗ ಐತಿ!"

"ಕಾಲಿಡಾಕ ಜಾಗ ಇಲ್ಲಂತ ನೀವ ಹೇಳಿದ್ರಲ್ಲರೀ ಕಾಕಾ? ಹಿಂದ ಇನ್ನೊಂದು ಐತಿ, ಅದರಾಗ ಬರ್ರಿ" ಎಂದ ಕಂಡಕ್ಟರ್ ಸೀಟಿ ಊದಿಯೇಬಿಟ್ಟ.

ಗೆಳೆಯರೇ, ಕಾಕಾ ಯಾವ ಬಸ್ಸಿಗೆ ಬಂದರೋ ಗೊತ್ತಿಲ್ಲ. ಅವರ ಚೀಲ ಮಾತ್ರ ಧಾರವಾಡದವರೆಗೂ ಅಜ್ಜಿಯ ತೊಡೆಯ ಮೇಲೆ ಹಾಯಾಗಿ ಕೂತು ಬಂತು. ಟಿಕೆಟ್ ತೆಗೆದುಕೊಂಡಿದ್ದ ನಾನು ಅದರ ಪಕ್ಕದಲ್ಲೇ ಒಂಟಿಕಾಲಲ್ಲಿ ನಿಂತಿದ್ದೆ.